ಡ್ಯಾನ್ಸ್ ಟ್ರ್ಯಾಕ್ ಬಿಟ್ಟು ಇಂಡಸ್ಟ್ರಿಯಲ್ ರಾಕ್‌ಗೆ ಇಳಿಯುವವರಿಗೆ

ಗೋವಾದ ಅಂಜುನಾ, ವಾಗತೋರ್ ಕಡೆಯ ಪಾರ್ಟಿಗಳಿಗೆ ಟ್ರಾನ್ಸ್ ಮಾಡಿಕೊಟ್ಟವರಿದ್ದಾರೆ, ಪುಣೆಯ ಕ್ಲಬ್ಬುಗಳಲ್ಲಿ ಟೆಕ್ನೋ ಬಾರಿಸಿದವರಿದ್ದಾರೆ, ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಏರಿಸಿ ಸಿಂತ್ (ಸಿಂಥಸೈಜರ್) ತಿರುವುವವರಿದ್ದಾರೆ. ಸದ್ದು ತೀರ ನುಣುಪಾಯಿತು, ಇನ್ನಷ್ಟು ಕತ್ತಲೆ ಬೇಕು, ಕಬ್ಬಿಣ ಬೇಕು, ಗಿಟಾರ್ ಬೇಕು, ಅಂದರೆ ಯಂತ್ರದ ಲಯಕ್ಕೆ ಲೋಹದ ಸದ್ದು, ಒಡೆದ ಗಿಟಾರ್ ಸೇರಿದ ಇಂಡಸ್ಟ್ರಿಯಲ್ ರಾಕ್ ಬೇಕು ಅನ್ನಿಸಿದ ದಿನ ಇವರಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಒಂದೇ: ಎಲ್ಲ ಸದ್ದೂ ಸೇರಿ ಹೊರಬರುವ ಮಾಸ್ಟರ್ ಚಾನೆಲ್ಲಿನ ಮೇಲೆ ಒಂದು ಡಿಸ್ಟಾರ್ಷನ್ ಪ್ಲಗಿನ್, ಅಂದರೆ ಸದ್ದನ್ನು ಬೇಕೆಂದೇ ಒಡೆದು ಒರಟು ಮಾಡುವ ಸಾಫ್ಟ್‌ವೇರ್ ಹಾಕುವುದು. ಕೇಳಿದರೆ ಜೇನುಹುಳ ಎದ್ದಂಥ ಸದ್ದು. ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಸತ್ತಿರುತ್ತದೆ, ಬೇಸ್ (ತಗ್ಗಿನ ಸ್ವರ) ಕೆಸರಾಗಿರುತ್ತದೆ.

ಡಿಸ್ಟಾರ್ಷನ್ ಕತ್ತಲೆಯನ್ನು ತರುವುದಿಲ್ಲ. ಒಳಗೆ ಏನು ಹಾಕುತ್ತೀರೋ ಅದನ್ನೇ ಹತ್ತು ಪಾಲು ಮಾಡಿ ಹೊರಗೆ ಕೊಡುತ್ತದೆ. ಒಳಗೆ ಗೊಂದಲ ಹೋದರೆ ಹೊರಗೆ ಹತ್ತು ಪಾಲು ಗೊಂದಲ. ಹಾಗಾಗಿ ಕೆಳಗಿನ ಹೆಚ್ಚಿನ ಮಾತು ಡಿಸ್ಟಾರ್ಷನ್ನಿಗೆ ಮುಂಚಿನ ಕೆಲಸದ ಬಗ್ಗೆ.

ಹಳೆಯದನ್ನು ಮಾರಬೇಡಿ

ಈ ದಾರಿಯಲ್ಲಿ ಮೊದಲು ನಡೆದವರು ತಮ್ಮ ಯಂತ್ರಗಳನ್ನು ಎಸೆದು ಬಂದವರಲ್ಲ. ಮಿನಿಸ್ಟ್ರಿ ತಂಡದ 1983ರ ಮೊದಲ ಆಲ್ಬಂ ಅಪ್ಪಟ ಸಿಂತ್ ಪಾಪ್. 1988ರ ಹೊತ್ತಿಗೆ ಅದೇ ತಂಡ ಸ್ಯಾಂಪ್ಲರ್ (ಹಿಡಿದಿಟ್ಟ ಸದ್ದನ್ನು ನುಡಿಸುವ ಯಂತ್ರ), ಗಿಟಾರ್, ಒಡೆದ ಗಂಟಲು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸುತ್ತಿತ್ತು. ನೈನ್ ಇಂಚ್ ನೇಲ್ಸ್ ತಂಡದ ಮೊದಲ ಆಲ್ಬಂ 1989ರಲ್ಲಿ ಬಂದಾಗ ಮುಂದೆ ನಿಂತದ್ದು ಸಿಂತ್. ಗಿಟಾರಿನ ಗೋಡೆ ಎದ್ದದ್ದು 1992ರಲ್ಲಿ. ಎರಡೂ ಕಡೆ ಡ್ರಮ್ ಮಷೀನ್, ಸ್ವರಗಳನ್ನು ಸಾಲಾಗಿ ನುಡಿಸುವ ಸೀಕ್ವೆನ್ಸರ್ ಉಳಿದವು. ಬದಲಾದದ್ದು ಅವುಗಳ ಮೇಲೆ ಏನು ಕೂತಿತು ಎಂಬುದು. ಗಿಟಾರ್ ಕೊಳ್ಳಲು ದುಡ್ಡು ಬೇಕೆಂದು ಸಿಂತ್ ಮಾರಲು ಹೊರಟಿದ್ದರೆ ಸ್ವಲ್ಪ ತಡೆಯಿರಿ.

ಲಯ

ಸೈಟ್ರಾನ್ಸ್ ಮಾಡುವವರ ಪ್ರಾಜೆಕ್ಟ್ ಸಾಮಾನ್ಯವಾಗಿ 140ರಿಂದ 148 ಬಿಪಿಎಂನಲ್ಲಿ (ನಿಮಿಷಕ್ಕೆ ಬೀಳುವ ಪೆಟ್ಟುಗಳಲ್ಲಿ) ಇರುತ್ತದೆ. ಅದನ್ನು ಹಾಗೇ ಬಿಡಿ. 145ರ ಪ್ರಾಜೆಕ್ಟಿನಲ್ಲಿ ಸ್ನೇರನ್ನು ಎರಡು ಮತ್ತು ನಾಲ್ಕನೇ ಪೆಟ್ಟಿನಿಂದ ತೆಗೆದು ಮೂರನೆಯ ಪೆಟ್ಟಿಗೆ ಮಾತ್ರ ಇಡಿ. ಕಿವಿಗೆ 72.5 ಕೇಳುತ್ತದೆ, ನಿಮ್ಮ ಆರ್ಪೆಜಿಯೋಗಳು (ಒಂದರ ಹಿಂದೊಂದು ಓಡುವ ಸ್ವರಗಳು) ಮಾತ್ರ ಹಳೆಯ ವೇಗದಲ್ಲೇ ಓಡುತ್ತವೆ. ಭಾರವಾದ ನಡಿಗೆಯ ಮೇಲೆ ಚುರುಕು ಯಂತ್ರ ಓಡುವ ಈ ಜೋಡಿ ಬಹಳ ಕೆಲಸಕ್ಕೆ ಬರುತ್ತದೆ. ಹೊಸದಾಗಿ ಶುರುಮಾಡುವವರು 95ರಿಂದ 125ರ ನಡುವೆ ಇರಲಿ.

ಎರಡನೆಯದು, ಕಿಕ್‌ಗಳ ನಡುವೆ ಉರುಳುವ ಆ ಮೂರು ಹದಿನಾರನೇ ನೋಟುಗಳ ಬೇಸ್ ಹೋಗಲೇಬೇಕು. ಅದಿರುವ ತನಕ ಏನು ಮಾಡಿದರೂ ಅದು ಟ್ರಾನ್ಸೇ. ಅದರ ಬದಲು ಎಂಟನೇ ನೋಟುಗಳ ನೇರ ಬೇಸ್, ಕಿಕ್ ಜೊತೆಗೇ ಬೀಳುವಂತೆ. ಪೆಟ್ಟನ್ನು ಹಿಂದುಮುಂದು ಜಾರಿಸುವ ಸ್ವಿಂಗ್ ಸೊನ್ನೆ. ಕಿಕ್‌ನ ವೆಲಾಸಿಟಿ (ಪೆಟ್ಟಿನ ಬಲ) ಬದಲಿಸಬೇಡಿ, ಒಂದೇ ಸಮ ಬೀಳುವ ಕ್ರೌರ್ಯವೇ ಅಲ್ಲಿ ಬೇಕಾದದ್ದು. ಮನುಷ್ಯರ ಕೈ ಗಿಟಾರಿನಲ್ಲಿ ಹೇಗೂ ಬರುತ್ತದೆ.

ಕಬ್ಬಿಣ ಹಿಡಿಯುವುದು

ಕೊಂಡು ತಂದ ಇಂಡಸ್ಟ್ರಿಯಲ್ ಸ್ಯಾಂಪಲ್ ಪ್ಯಾಕುಗಳಲ್ಲಿ ಎಲ್ಲರ ಬಳಿಯೂ ಅದೇ ಪೈಪು, ಅದೇ ಸರಪಳಿ. 1980ರಲ್ಲಿ ಬರ್ಲಿನ್ನಿನಲ್ಲಿ ಐನ್‌ಸ್ಟ್ಯುರ್ಟ್ಸೆಂಡೆ ನೊಯ್‌ಬೌಟೆನ್ ತಂಡದವರು ಗುಜರಿ ಕಬ್ಬಿಣವನ್ನೇ ವಾದ್ಯ ಮಾಡಿಕೊಂಡರು. ಮುಂಬಯಿ, ಪುಣೆಗಳಲ್ಲಿರುವವರಿಗೆ ಗುಜರಿಗೇನು ಬರ. ಕುರ್ಲಾದ ಗುಜರಿ ಅಂಗಡಿಗಳು, ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ಕೂಡುವ ಜುನಾ ಬಾಜಾರ್, ಭೋಸರಿಯ ವರ್ಕ್‌ಶಾಪುಗಳ ಹಿಂದಿನ ರಾಶಿ. ಗೋವಾದಲ್ಲಿರುವವರು ಲಾರಿ ಗ್ಯಾರೇಜುಗಳನ್ನು ವಿಚಾರಿಸಿ. ಹುಡುಕಬೇಕಾದದ್ದು ಲಾರಿಯ ಸ್ಪ್ರಿಂಗ್ ಪಟ್ಟಿ, ಬ್ರೇಕ್ ಡ್ರಮ್, ಮೂರು ನಾಲ್ಕು ಮಿಲಿಮೀಟರ್ ದಪ್ಪದ ತಗಡು, ಖಾಲಿ ಡಬ್ಬಿ. ಬ್ರೇಕ್ ಡ್ರಮ್ಮನ್ನು ಹಗ್ಗದಲ್ಲಿ ತೂಗುಹಾಕಿ ಹೊಡೆದರೆ ದೇವಸ್ಥಾನದ ಗಂಟೆ ಜ್ವರ ಬಂದು ಮಲಗಿದಂತೆ ಕೇಳುತ್ತದೆ. ಗ್ಯಾಸ್ ಸಿಲಿಂಡರನ್ನು, ಒಳಗೆ ಏನಿತ್ತೆಂದು ಗೊತ್ತಿಲ್ಲದ ಪೀಪಾಯಿಯನ್ನು ಮುಟ್ಟಬೇಡಿ. ಹೊಡೆಯುವಾಗ ಕಣ್ಣಿಗೆ ಕನ್ನಡಕ, ಕಿವಿಗೆ ಬಿರಡೆ ಇರಲಿ.

ಮೈಕಿನಿಂದ ಹಿಡಿದರೆ ಬೀದಿಯ ಹಾರ್ನೂ ಜೊತೆಗೆ ಬರುತ್ತದೆ. ಕಾಂಟ್ಯಾಕ್ಟ್ ಮೈಕ್ ಲೋಹದ ನಡುಕವನ್ನು ಮಾತ್ರ ಕೇಳುತ್ತದೆ, ಗಾಳಿಯನ್ನಲ್ಲ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು:

1. ಮುಂಬಯಿಯ ಲ್ಯಾಮಿಂಗ್ಟನ್ ರೋಡ್ ಅಥವಾ ಪುಣೆಯ ತಪ್ಕೀರ್ ಗಲ್ಲಿಯಲ್ಲಿ 27 ಮಿಲಿಮೀಟರಿನ ಪೀಜೋ ಡಿಸ್ಕ್ (ನಡುಕವನ್ನು ವಿದ್ಯುತ್ತಾಗಿಸುವ ತೆಳು ಬಿಲ್ಲೆ) ಕೇಳಿ. ಐದಾರು ತನ್ನಿ, ಬೆಸುಗೆಯಲ್ಲಿ ಒಂದೆರಡು ಹಾಳಾಗುತ್ತವೆ. ಜೊತೆಗೆ ಶೀಲ್ಡ್ ಇರುವ ಒಂದು ಎಳೆಯ ಕೇಬಲ್ ಎರಡು ಮೀಟರ್, 6.35 ಮಿಲಿಮೀಟರಿನ ಮೋನೋ ಜ್ಯಾಕ್ ಒಂದು.

2. ಕೇಬಲ್ಲಿನ ಒಳ ಎಳೆ ಬಿಳಿಯ ನಡುಭಾಗಕ್ಕೆ, ಹೊರ ಜಾಲರಿ ಹಿತ್ತಾಳೆಯ ಅಂಚಿಗೆ. ಬಿಳಿಯ ಭಾಗಕ್ಕೆ ಬೆಸುಗೆ ಕಡ್ಡಿ ಎರಡು ಸೆಕೆಂಡಿಗಿಂತ ಹೆಚ್ಚು ತಾಗಬಾರದು. ಬಿಸಿ ಹೆಚ್ಚಾದರೆ ಮೇಲಿನ ಬೆಳ್ಳಿಯ ಲೇಪ ಎದ್ದು ಬರುತ್ತದೆ.

3. ಬೆಸುಗೆಯ ಮೇಲೆ ಉಗುರುಬಣ್ಣ ಎರಡು ಪದರ. ಒಣಗಿದ ಮೇಲೆ ಇನ್ಸುಲೇಷನ್ ಟೇಪ್.

4. ಲೋಹಕ್ಕೆ ಎರಡೂ ಕಡೆ ಅಂಟುವ ಟೇಪಿನಿಂದ ಗಟ್ಟಿಯಾಗಿ ಅಂಟಿಸಿ, ಅಥವಾ ಬಡಗಿಯ ಕ್ಲಾಂಪಿನಿಂದ ಬಿಗಿಯಿರಿ. ಸಡಿಲವಿದ್ದರೆ ಜೀರುಂಡೆಯಂತೆ ಕಿರಗುಟ್ಟುತ್ತದೆ.

5. ಆಡಿಯೋ ಇಂಟರ್‌ಫೇಸಿನ (ಕಂಪ್ಯೂಟರಿಗೆ ಸದ್ದು ಒಯ್ಯುವ ಪೆಟ್ಟಿಗೆಯ) ಲೈನ್ ಇನ್‌ಪುಟ್ಟಿಗೆ ಚುಚ್ಚಬೇಡಿ, ಗಿಟಾರ್ ಇನ್‌ಪುಟ್ಟಿಗೆ ಚುಚ್ಚಿ.

ಈ ಕೊನೆಯದನ್ನು ಮರೆತವರೇ ಕಾಂಟ್ಯಾಕ್ಟ್ ಮೈಕ್‌ಗೆ ಬೇಸ್ ಇಲ್ಲ ಎಂದು ದೂರುವುದು. ಈ ಗಾತ್ರದ ಪೀಜೋದ ಕೆಪಾಸಿಟೆನ್ಸ್ ಸುಮಾರು 20 ನ್ಯಾನೋಫ್ಯಾರಡ್. 10 ಕಿಲೋ ಓಮಿನ ಲೈನ್ ಇನ್‌ಪುಟ್ಟಿಗೆ ಸೇರಿಸಿದರೆ ಸುಮಾರು 800 ಹರ್ಟ್ಸ್‌ನ ಕೆಳಗಿನದೆಲ್ಲ ಸೋರಿಹೋಗುತ್ತದೆ. 1 ಮೆಗಾ ಓಮಿನ ಗಿಟಾರ್ ಇನ್‌ಪುಟ್ಟಿನಲ್ಲಿ ಅದೇ ಗಡಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಮೈಕ್ ಅದೇ, ಚುಚ್ಚಿದ ತೂತು ಬೇರೆ, ಅಷ್ಟೇ.

ರೆಕಾರ್ಡಿಂಗ್ 24 ಬಿಟ್, 96 ಕಿಲೋಹರ್ಟ್ಸ್. ಪೆಟ್ಟಿನ ತುದಿ ಮೈನಸ್ 12 ಡಿಬಿ ದಾಟದಿರಲಿ, ಪೀಜೋದ ಹೊಡೆತ ಮೀಟರಿನಲ್ಲಿ ಕಾಣುವ ಮೊದಲೇ ಕ್ಲಿಪ್ ಆಗಿರುತ್ತದೆ. 96 ಯಾಕೆಂದರೆ ಈ ಸದ್ದುಗಳನ್ನು ನೀವು ಒಂದೋ ಎರಡೋ ಆಕ್ಟೇವ್ (ಸ್ಥಾಯಿ) ಕೆಳಗಿಳಿಸುವವರು. 44.1ರಲ್ಲಿ ಹಿಡಿದದ್ದನ್ನು ಎರಡು ಆಕ್ಟೇವ್ ಇಳಿಸಿದರೆ ಸುಮಾರು 5.5 ಕಿಲೋಹರ್ಟ್ಸ್‌ನ ಮೇಲೆ ಏನೂ ಉಳಿಯುವುದಿಲ್ಲ, ಕಂಬಳಿ ಹೊದಿಸಿದಂತೆ ಕೇಳುತ್ತದೆ. ಒಂದೊಂದು ವಸ್ತುವಿಗೂ ಮರದ ಕೊಡತಿ, ರಬ್ಬರ್ ಕಟ್ಟಿದ ಕೋಲು, ಸುತ್ತಿಗೆ, ಹೀಗೆ ಮೂರು ಬಗೆಯ ಪೆಟ್ಟು. ಪ್ರತಿಯೊಂದರಲ್ಲೂ ಮೆಲ್ಲನೆಯದು ನಾಲ್ಕು, ಜೋರಿನದು ನಾಲ್ಕು. ಕೆರೆಯುವ ಸದ್ದನ್ನೂ ಒಂದು ನಿಮಿಷ ಹಿಡಿದಿಡಿ. ಅದು ಮುಂದೆ ಹೈಹ್ಯಾಟ್ ಆಗುತ್ತದೆ.

ಕಬ್ಬಿಣ ಒಂದೇ ಅಲ್ಲ. ಮುಂಬಯಿಯ ಕನ್ನಡಿಗರ ಬಳಿ ಯಕ್ಷಗಾನದ ಚೆಂಡೆ ಇದೆ. ಅದರ ಸಿಡಿಲಿನಂಥ ಮೇಲುಸದ್ದನ್ನು ಏಳರಿಂದ ಹನ್ನೆರಡು ಸೆಮಿಟೋನ್ (ಅರ್ಧ ಸ್ವರ) ಇಳಿಸಿ ಮಂದವಾಗಿ ಡಿಸ್ಟಾರ್ಟ್ ಮಾಡಿದರೆ ಯಾವ ಪ್ಯಾಕಿನಲ್ಲೂ ಸಿಗದ ಟಾಮ್ ಸಿಗುತ್ತದೆ. ಚೆಂಡೆಯವರನ್ನು ಕೇಳಿ, ಸಂಭಾವನೆ ಕೊಟ್ಟು, ಯಾವುದಕ್ಕೆ ಬಳಸುತ್ತೀರೆಂದು ಹೇಳಿಯೇ ಹಿಡಿಯಿರಿ. ಆಟದ ವಿಡಿಯೋದಿಂದ ಕತ್ತರಿಸುವುದು ಕಳ್ಳತನ, ಮೇಲಾಗಿ ಅದರಲ್ಲಿ ಭಾಗವತರ ದನಿಯೂ ಸೇರಿರುತ್ತದೆ.

ಸ್ನೇರ್ ಕಟ್ಟಲು ಮೂರು ಪದರ ಸಾಕು. 180ರಿಂದ 200 ಹರ್ಟ್ಸ್‌ನ ಒಂದು ಮೈ, ಮೇಲೆ ತಗಡಿನ ಪೆಟ್ಟು, ಅದರ ಮೇಲೆ 100 ಮಿಲಿಸೆಕೆಂಡಿನ ಬಿಳಿ ಸದ್ದು (ವೈಟ್ ನಾಯ್ಸ್, ಶ್ಶ್ ಎನ್ನುವಂಥದ್ದು). ಇದನ್ನು ಒಂದೂವರೆ ಸೆಕೆಂಡಿನ ರೂಮ್ ರಿವರ್ಬ್‌ಗೆ (ಕೋಣೆಯ ಅನುರಣನೆಗೆ) ಕಳಿಸಿ, ರಿವರ್ಬನ್ನು ಸದ್ದು ತಡೆಯುವ ಗೇಟ್‌ನಿಂದ 250 ಮಿಲಿಸೆಕೆಂಡಿಗೆ ಕಡಿಯಿರಿ. 100 ಬಿಪಿಎಂನಲ್ಲಿ ಎಂಟನೇ ನೋಟು 300 ಮಿಲಿಸೆಕೆಂಡ್, ಅಂದರೆ ಮುಂದಿನ ಪೆಟ್ಟಿಗೆ ಮೊದಲು ಸ್ವಲ್ಪ ಬಾಯಿ ಮುಚ್ಚಿದ ಹೊತ್ತು ಸಿಗಬೇಕು. ಆ ಸಣ್ಣ ಮೌನವಿಲ್ಲದಿದ್ದರೆ ಸ್ನೇರ್ ಎಷ್ಟು ಜೋರಿದ್ದರೂ ಸೋತಂತೆ ಕೇಳುತ್ತದೆ.

ಬೇಸನ್ನು ಸೀಳಿ

ಇಡೀ ಬೇಸ್ ಸಿಂತನ್ನು ಡಿಸ್ಟಾರ್ಷನ್ನಿಗೆ ಕೊಟ್ಟರೆ ಕೆಳಗಿನ ಸ್ವರ ತೆಳ್ಳಗಾಗುತ್ತದೆ. ಚಾನೆಲ್ಲನ್ನು ಎರಡು ಮಾಡಿ, 150 ಹರ್ಟ್ಸ್‌ನಲ್ಲಿ ಸೀಳಿ. ಕೆಳಭಾಗ ಮೋನೋ (ಎಡಬಲ ಎರಡರಲ್ಲೂ ಒಂದೇ), ಶುದ್ಧ ಸೈನ್ ಅಲೆ, ಡಿಸ್ಟಾರ್ಷನ್ ಬೇಡ. ಮೇಲ್ಭಾಗಕ್ಕೆ ಬೇಕಾದಷ್ಟು ಹಿಂಸೆ ಕೊಡಿ. ಸೀಳುವ ಫಿಲ್ಟರ್ ಎರಡೂ ಕಡೆ ಒಂದೇ ಬಗೆಯದಾಗಿರಬೇಕು, ಲಿಂಕ್‌ವಿಟ್ಜ್ ರೈಲಿ 24 ಡಿಬಿ ಒಳ್ಳೆಯದು. ಇಲ್ಲದಿದ್ದರೆ ಸೀಳಿದ ಜಾಗದಲ್ಲೇ ಹಳ್ಳ ಬೀಳುತ್ತದೆ. ಪರೀಕ್ಷೆ ಸುಲಭ: ಒಂದು ಚಾನೆಲ್ಲಿನ ಪೊಲಾರಿಟಿ ತಿರುಗಿಸಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ. ತಿರುಗಿಸಿದಾಗ ಬೇಸ್ ಹೆಚ್ಚಾಯಿತೆಂದರೆ ಮೊದಲಿದ್ದದ್ದು ತಪ್ಪು.

ಡಿಸ್ಟಾರ್ಷನ್ನಿಗೆ ಹೋಗುವ ಮಟ್ಟ ಸರಾಸರಿ ಮೈನಸ್ 18 ಡಿಬಿ ಆಸುಪಾಸು ಇರಲಿ. ಹೊರಬಂದದ್ದನ್ನು ಒಳಗೆ ಹೋದಷ್ಟೇ ಜೋರಿಗೆ ಇಳಿಸಿಯೇ ಹೋಲಿಸಿ. ಜೋರಾದದ್ದೆಲ್ಲ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಕೊನೆಗೆ 30 ಹರ್ಟ್ಸ್‌ನ ಕೆಳಗಿನದನ್ನು ಕಡಿಯುವ ಹೈಪಾಸ್ ಫಿಲ್ಟರ್. ಅಲೆಯ ಮೇಲುಭಾಗವನ್ನೂ ಕೆಳಭಾಗವನ್ನೂ ಬೇರೆಬೇರೆ ಬಗೆಯಲ್ಲಿ ಕಡಿಯುವ ಡಿಸ್ಟಾರ್ಷನ್ ಇಡೀ ಅಲೆಯನ್ನು ಒಂದು ಕಡೆಗೆ ವಾಲಿಸುತ್ತದೆ. ಕಿವಿಗೆ ಕೇಳದ ಆ ವಾಲಿಕೆ, ಸದ್ದು ಮಿತಿ ಮೀರದಂತೆ ಹಿಡಿಯುವ ಲಿಮಿಟರಿನ ಜಾಗ ತಿನ್ನುತ್ತಿರುತ್ತದೆ.

ಗಿಟಾರ್

ಗಿಟಾರ್ ಬಾರದವರಿಗೂ ಡ್ರಾಪ್ ಟ್ಯೂನಿಂಗ್ ಕೈ ಹಿಡಿಯುತ್ತದೆ. ಡ್ರಾಪ್ ಸಿ ಅಂದರೆ ದಪ್ಪ ತಂತಿಯಿಂದ ಸಿ, ಜಿ, ಸಿ, ಎಫ್, ಎ, ಡಿ. ಕೆಳಗಿನ ಎರಡು ತಂತಿ ಷಡ್ಜ, ಪಂಚಮ. ಒಂದೇ ಬೆರಳಿನಿಂದ ಒತ್ತಿದರೆ ಪವರ್ ಕಾರ್ಡ್. ಮಾಮೂಲಿ 9ರ ತಂತಿ ಸೆಟ್ (ಸಂಖ್ಯೆ ತಂತಿಯ ದಪ್ಪದ್ದು) ಇಲ್ಲಿ ಜೋಲುತ್ತದೆ, 11ರಿಂದ 54ರ ಸೆಟ್ ಹಾಕಿಸಿ. ದಪ್ಪ ತಂತಿ ಹಾಕಿದ ಮೇಲೆ ಕತ್ತಿನ ಬಾಗು, ಇಂಟೊನೇಷನ್ (ಕತ್ತಿನ ಉದ್ದಕ್ಕೂ ಶ್ರುತಿ ಸರಿಯಿರುವುದು) ಎರಡನ್ನೂ ಸರಿಮಾಡಿಸಲೇಬೇಕು.

ಸ, ಪ ಎರಡೇ ಯಾಕೆ? ಎರಡು ಸ್ವರಗಳನ್ನು ಒಟ್ಟಿಗೆ ಡಿಸ್ಟಾರ್ಟ್ ಮಾಡಿದಾಗ ಅವುಗಳ ಮೊತ್ತ, ವ್ಯತ್ಯಾಸಗಳೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. ಸ ಮತ್ತು ಪ 2ಕ್ಕೆ 3ರ ಅನುಪಾತ. ವ್ಯತ್ಯಾಸ 1, ಅಂದರೆ ಅದೇ ಷಡ್ಜದ ಕೆಳಗಿನ ಆಕ್ಟೇವ್. ಗೋಡೆ ಎದ್ದಂತೆ ಕೇಳುವುದು ಅದಕ್ಕೇ. ಗಾಂಧಾರ ಸೇರಿಸಿದರೆ ಹುಟ್ಟುವ ಸ್ವರಗಳು ಶ್ರುತಿಗೆ ಹೊಂದದೆ ಪರಸ್ಪರ ಕಚ್ಚಾಡುತ್ತವೆ. ಗಾಂಧಾರ ಬೇಕಾದರೆ ಬೇರೆ ಟ್ರ್ಯಾಕಿನಲ್ಲಿ, ಬೇರೆ ಡಿಸ್ಟಾರ್ಷನ್ನಿನ ಮೂಲಕ ನುಡಿಸಿ, ಆಮೇಲೆ ಸೇರಿಸಿ. ತಂಬೂರಿಯನ್ನು ಡಿಸ್ಟಾರ್ಷನ್ನಿಗೆ ಕೊಟ್ಟರೆ ಚೆನ್ನಾಗಿ ಕೇಳುವುದೂ ಇದೇ ಲೆಕ್ಕದಿಂದ. ಭೀಮಸೇನ ಜೋಶಿಯವರು ಬದುಕಿ ಹಾಡಿದ ಪುಣೆಯಲ್ಲಿ ಇದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು, ಆದರೂ ಒಮ್ಮೆ ಮಾಡಿ ನೋಡಿ.

ಕತ್ತಲೆಯ ಸ್ವರಗಳಿಗೆ ಪಾಶ್ಚಾತ್ಯ ಪುಸ್ತಕ ಫ್ರಿಜಿಯನ್ ಅನ್ನುತ್ತದೆ. ಅದು ನಮ್ಮ ಹನುಮತೋಡಿ, ಎಂಟನೆಯ ಮೇಳ. ಹಾಡು ಅಭ್ಯಾಸವಿದ್ದವರಿಗೆ ಬೆರಳಿಗಿಂತ ಬೇಗ ಗಂಟಲಿಗೆ ಬರುತ್ತದೆ. ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು) ಕಟ್ಟಲು ಸ ಮತ್ತು ಶುದ್ಧ ರಿಷಭದ ಆ ಇಕ್ಕಟ್ಟು ಅರ್ಧ ಕೆಲಸ ಮಾಡಿಬಿಡುತ್ತದೆ.

ಸರಪಳಿಯ ಕ್ರಮ: ಗಿಟಾರ್, ಗೇಟ್, ಡಿಸ್ಟಾರ್ಷನ್ ಅಥವಾ ಆಂಪ್ ಸಿಮ್ಯುಲೇಟರ್, ಆಮೇಲೆ ಸ್ಪೀಕರ್ ಕ್ಯಾಬಿನೆಟ್ಟಿನ ಇಂಪಲ್ಸ್, ಅಂದರೆ ಆ ಪೆಟ್ಟಿಗೆಯ ಸದ್ದಿನ ಅಚ್ಚು. ನ್ಯೂರಲ್ ಆಂಪ್ ಮಾಡೆಲರ್ ಎಂಬ ಸಿಮ್ಯುಲೇಟರ್ ಉಚಿತವಾಗಿ ಸಿಗುತ್ತದೆ, ಶುರುವಿಗೆ ಧಾರಾಳ. ಕ್ಯಾಬಿನೆಟ್ ಬಿಟ್ಟುಬಿಟ್ಟರೆ ಮತ್ತೆ ಅದೇ ಜೇನುಹುಳ. ಬೇಕೆಂದೇ ಬಿಡುವವರೂ ಇದ್ದಾರೆ. ಆಗ 5 ಕಿಲೋಹರ್ಟ್ಸ್‌ನ ಮೇಲೆ ಕಡಿದುಬಿಡಿ. ಗೇನನ್ನು ಮನಸ್ಸಿಗೆ ತೋರಿದ್ದಕ್ಕಿಂತ ಕಾಲು ಭಾಗ ಇಳಿಸಿ, ಅದೇ ರಿಫನ್ನು ಎರಡು ಸಲ ನುಡಿಸಿ ಎಡಬಲಕ್ಕೆ ಹಾಕಿ. ಒಂದನ್ನೇ ಕಾಪಿ ಮಾಡಿ ಎರಡು ಕಡೆ ಹಾಕಿದರೆ ನಡುವೆ ಮೋನೋ ಆಗಿ ಬಂದು ಕೂರುತ್ತದೆ. ಬೇರೆಯವರು ನುಡಿಸುವುದಾದರೆ ಡಿಸ್ಟಾರ್ಷನ್ ಇಲ್ಲದ ಶುದ್ಧ ಡಿಐ ಟ್ರ್ಯಾಕನ್ನೂ ಕೇಳಿ ಇಟ್ಟುಕೊಳ್ಳಿ. ನಾಳೆ ಸದ್ದು ಬದಲಿಸಬೇಕೆನಿಸಿದರೆ ಅವರನ್ನು ಮತ್ತೆ ಥಾಣೆ ಊರಿನಿಂದ ಕರೆಸಬೇಕಾಗುವುದಿಲ್ಲ.

ಮಳೆಗಾಲದಲ್ಲಿ ಮುಂಬಯಿ, ಗೋವಾ ಎರಡೂ ಗಿಟಾರಿಗೆ ಶತ್ರು. ತಂತಿ ತುಕ್ಕು ಹಿಡಿಯುತ್ತದೆ, ನಾಬ್‌ಗಳು ಕರಕರ ಅನ್ನುತ್ತವೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್, ನಾಬ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್.

ಗುಂಯ್‌ಗುಡುವ ಕರೆಂಟನ್ನೇ ಶ್ರುತಿ ಮಾಡಿಕೊಳ್ಳುವುದು

ಹಳೆಯ ಕಟ್ಟಡಗಳ ವೈರಿಂಗಿನಲ್ಲಿ ಗಿಟಾರ್ ಚುಚ್ಚಿದೊಡನೆ ಗುಂಯ್ ಎನ್ನುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ, ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿ, ಗ್ರೌಂಡ್ ಲಿಫ್ಟ್ (ಸದ್ದಿನ ಕೇಬಲ್ಲಿನ ನೆಲದ ಎಳೆ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್ ಹಾಕಿ. ಮೂರನೆಯ ಅರ್ಥಿಂಗ್ ಪಿನ್ ಕಡಿಯುವವರಿದ್ದಾರೆ. ಗುಂಯ್ ಹೋಗುತ್ತದೆ, ಜೀವವೂ ಹೋಗಬಹುದು.

ಇಷ್ಟಾದರೂ ಉಳಿದರೆ ಅದನ್ನು ಸಂಗೀತಕ್ಕೆ ಸೇರಿಸಿಕೊಳ್ಳಬಹುದು. ನಮ್ಮ ಕರೆಂಟು 50 ಹರ್ಟ್ಸ್. ಎ ಸ್ವರ 440 ಹರ್ಟ್ಸ್ ಎಂಬ ಮಾಮೂಲಿ ಲೆಕ್ಕದಲ್ಲಿ ಕೆಳಗಿನ ಜಿ ಸ್ವರ 49 ಹರ್ಟ್ಸ್. ಅಂದರೆ ಗುಂಯ್ ಅನ್ನುವುದು ಜಿಗಿಂತ 35 ಸೆಂಟ್ ಮೇಲಿದೆ (ನೂರು ಸೆಂಟ್ ಸೇರಿದರೆ ಒಂದು ಸೆಮಿಟೋನ್). ಸಿಂತ್‌ಗಳನ್ನೂ ಟ್ಯೂನರನ್ನೂ ಎ ಸ್ವರಕ್ಕೆ 449 ಹರ್ಟ್ಸ್ ಎಂದು ಹೊಂದಿಸಿಬಿಟ್ಟರೆ ಕರೆಂಟು ಸರಿಯಾಗಿ ಜಿ ಆಗುತ್ತದೆ, ಡ್ರಾಪ್ ಸಿ ಗಿಟಾರಿಗೆ ಅದೇ ಮಂದ್ರ ಪಂಚಮ. ಗ್ರಿಡ್ಡಿನ ಆವರ್ತನ ಸಾಮಾನ್ಯವಾಗಿ 49.90ರಿಂದ 50.05ರ ಒಳಗೆ ಓಡಾಡುತ್ತದೆ, ಕಿವಿಗೆ ಅದು ಗೊತ್ತಾಗುವುದಿಲ್ಲ. ಒಂದೇ ಎಚ್ಚರ: ಗುಂಯ್ ಸದ್ದಿನೊಳಗೆ 250 ಹರ್ಟ್ಸ್ ಕೂಡ ಇರುತ್ತದೆ. ಅದು ಸಿ ಷಡ್ಜಕ್ಕೆ ಕಾಕಲಿ ನಿಷಾದ. ತೋಡಿಯಲ್ಲಿರುವುದು ಕೈಶಿಕಿ ನಿಷಾದ, ಎರಡೂ ತಿಕ್ಕಾಡುತ್ತವೆ. 250ರಲ್ಲಿ ಅಷ್ಟನ್ನೇ ಕಡಿಯುವ ಇಕ್ಕಟ್ಟಾದ ಒಂದು ನಾಚ್ ಫಿಲ್ಟರ್ ಹಾಕಿ. ಸದ್ದೇ ಬಾರದಷ್ಟು ಒಳ್ಳೆಯ ವೈರಿಂಗ್ ನಿಮ್ಮದಾಗಿದ್ದರೆ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ಪನ್ನು ಹಳೆಯ ಅಡಾಪ್ಟರಿನ ಹತ್ತಿರ ಹಿಡಿದು ಬೇಕಾದಷ್ಟು ರೆಕಾರ್ಡ್ ಮಾಡಿಕೊಳ್ಳಿ.

ಕನ್ನಡದಲ್ಲಿ ಕಿರುಚುವುದು

ಡಿಸ್ಟಾರ್ಷನ್ ವ್ಯಂಜನಗಳನ್ನು ತಿನ್ನುತ್ತದೆ, ಸ್ವರಗಳನ್ನು ಹಿಗ್ಗಿಸುತ್ತದೆ. ನಮ್ಮ ಮಾತುಗಳು ಹೇಗೂ ಸ್ವರದಲ್ಲೇ ಮುಗಿಯುವುದರಿಂದ ಸಾಲಿನ ಕೊನೆಯಲ್ಲಿ ಬಾಯಿ ತೆರೆದೇ ಇರುತ್ತದೆ, ಕಿರುಚಲು ಅನುಕೂಲ. ಕಷ್ಟವಿರುವುದು ಸಾಲಿನ ನಡುವೆ. ಒತ್ತಕ್ಷರವಿರುವ ಪದಗಳು ಉಳಿದುಕೊಳ್ಳುತ್ತವೆ: ಕಬ್ಬಿಣ, ಕತ್ತಲೆ, ಸುತ್ತಿಗೆ, ಉಕ್ಕು, ನೆತ್ತರು. ದ್ವಿತ್ವದ ಆ ಕ್ಷಣದ ತಡೆ ಡ್ರಮ್ಮಿನಂತೆ ಕೆಲಸ ಮಾಡುತ್ತದೆ. ‘ಆಗುತ್ತಿರುವುದರಿಂದ’ ಎಂಬಂಥ ಉದ್ದದ ಪದ ಈ ಸದ್ದಿನೊಳಗೆ ಬರಿಯ ಗೊರಗೊರ. ಒಂದು ಸಾಲಿಗೆ ನಾಲ್ಕೈದು ಪದ ಸಾಕು, ಕ್ರಿಯಾಪದ ಬಿಟ್ಟರೂ ನಡೆಯುತ್ತದೆ. ಸ, ಶ, ಷಗಳು ಡಿಸ್ಟಾರ್ಷನ್ನಿನಲ್ಲಿ ಗಾಜು ಒಡೆದಂತೆ ಸಿಡಿಯುತ್ತವೆ. ಈ ಸೀಟಿಯ ಸದ್ದನ್ನು ತಗ್ಗಿಸುವ ಡಿ-ಎಸ್ಸರನ್ನು 6ರಿಂದ 8 ಕಿಲೋಹರ್ಟ್ಸ್‌ಗೆ ಹೊಂದಿಸಿ, ಡಿಸ್ಟಾರ್ಷನ್ನಿಗಿಂತ ಮೊದಲೇ ಇಡಿ. ಆಮೇಲೆ ಇಟ್ಟರೆ ಒಡೆದ ಗಾಜನ್ನು ಗುಡಿಸಿದಂತೆ. ಶುದ್ಧ ದನಿಯ ಟ್ರ್ಯಾಕ್ ಒಂದು, ಒಡೆದ ದನಿಯದು ಇನ್ನೊಂದು, ಎರಡನ್ನೂ ಸೇರಿಸಿ ನುಡಿಸಿದರೆ ಮಾತು ತಿಳಿಯುತ್ತದೆ. ಗಂಟಲು ಉರಿದರೆ ನಿಲ್ಲಿಸಿ. ಮೈಕಿಗೆ ಹತ್ತಿರ ಬಂದು ಪಿಸುಗುಟ್ಟಿದ್ದನ್ನೇ ಡಿಸ್ಟಾರ್ಟ್ ಮಾಡಿದರೂ ಕಿರುಚಿದಂತೆ ಕೇಳುತ್ತದೆ. ಪಕ್ಕದ ಮನೆಯವರಿಗೂ ಅದೇ ಒಳ್ಳೆಯದು.

ಮಿಕ್ಸ್

ಗಿಟಾರಿನ ಕೆಳಗೆ 90 ಹರ್ಟ್ಸ್, ಮೇಲೆ 9 ಕಿಲೋಹರ್ಟ್ಸ್ ಕಡಿತ. ಪ್ರತಿ ಕಿಕ್‌ಗೂ ಉಳಿದ ಸದ್ದು ಮುಳುಗಿ ಏಳುವ, ಡ್ಯಾನ್ಸ್ ಮಿಕ್ಸಿನ ಸೈಡ್‌ಚೈನ್ ಪಂಪಿಂಗ್ ಬೇಡ. ಕಿಕ್ ಬಿದ್ದಾಗ ಬೇಸ್ ಎರಡು ಮೂರು ಡಿಬಿ ತಗ್ಗಿದರೆ ಸಾಕು. 2ರಿಂದ 4 ಕಿಲೋಹರ್ಟ್ಸ್‌ನಲ್ಲಿ ಗಿಟಾರ್, ಸ್ನೇರ್, ದನಿ ಮೂವರೂ ಒಂದೇ ಸೀಟಿಗೆ ಜಗಳವಾಡುತ್ತವೆ. ದನಿ ಬಂದಾಗ ಗಿಟಾರ್ ಎದ್ದು ಜಾಗ ಕೊಡಲಿ. ಡಿಸ್ಟಾರ್ಷನ್ ಏರಿಳಿತವನ್ನು ಮೊದಲೇ ತಿಂದುಹಾಕಿರುವುದರಿಂದ ಮಾಸ್ಟರ್ ಲಿಮಿಟರಿನಿಂದ ಇನ್ನು ಜೋರು ಬರುವುದಿಲ್ಲ. ಜೋರು ಬೇಕಾದ ಜಾಗಕ್ಕಿಂತ ಹಿಂದಿನ ಎಂಟು ಬಾರ್ (ಆವರ್ತ) ಖಾಲಿ ಮಾಡಿ: ಒಂದು ಗುಂಯ್, ಒಂದು ತಗಡಿನ ಪೆಟ್ಟು, ಅಷ್ಟೇ.

ವೇದಿಕೆ

ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ಪ್ಲಗಿನ್ ಓಡಿಸಬೇಡಿ. ಎಲ್ಲವನ್ನೂ ಮೊದಲೇ ಆಡಿಯೋ ಫೈಲ್ ಮಾಡಿಟ್ಟುಕೊಳ್ಳಿ, ನಾಲ್ಕು ಔಟ್‌ಪುಟ್ಟಿನ ಇಂಟರ್‌ಫೇಸ್ ಸಾಕು. ಒಂದು ಮತ್ತು ಎರಡರಲ್ಲಿ ಟ್ರ್ಯಾಕ್, ಮೂರರಲ್ಲಿ ಡ್ರಮ್ಮರಿಗೆ ಕ್ಲಿಕ್, ನಾಲ್ಕರಲ್ಲಿ ಕೆಳಗಿನ ಬೇಸ್ ಮಾತ್ರ, ಆಗ ಸೌಂಡ್ ಎಂಜಿನಿಯರ್ ಅದನ್ನು ಜಾಗಕ್ಕೆ ತಕ್ಕಂತೆ ಏರಿಸಿ ಇಳಿಸಬಹುದು. ಬಫರ್ 256 ಸ್ಯಾಂಪಲ್ ಇದ್ದರೆ 44.1ರಲ್ಲಿ ಸುಮಾರು 5.8 ಮಿಲಿಸೆಕೆಂಡ್ ತಡ, ಗಿಟಾರಿಗೆ ತೊಂದರೆಯಿಲ್ಲ. ಗೋವಾದ ಬಯಲಿನಲ್ಲಿ ಲ್ಯಾಪ್‌ಟಾಪಿನ ಮೇಲೆ ನೆರಳು ಬೇಕು.

ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಇಲ್ಲ, 2000ದ ಶಬ್ದಮಾಲಿನ್ಯ ನಿಯಮ ಅದು. ವಸತಿ ಪ್ರದೇಶಕ್ಕೆ ಹಗಲಿನಲ್ಲೇ 55 ಡೆಸಿಬಲ್ ಮಿತಿ. ಮುಚ್ಚಿದ ಸಭಾಂಗಣದ ಮಾತು ಬೇರೆ. ಜೋರಿನ ಹಾಡು ಕೊನೆಗಿರಲಿ ಎಂಬ ಡಿಜೆ ಲೆಕ್ಕ ಬಿಟ್ಟು ಒಂಬತ್ತೂವರೆಗೇ ಅದನ್ನು ಮುಗಿಸಿ. ರಿಹರ್ಸಲ್ ರೂಮಿನಲ್ಲಿ 100 ಡೆಸಿಬಲ್ ಇದ್ದರೆ ಕಿವಿಗೆ ಸುರಕ್ಷಿತ ಹೊತ್ತು ದಿನಕ್ಕೆ ಹದಿನೈದೇ ನಿಮಿಷ, ಬಿರಡೆ ಇಲ್ಲದೆ ಹೋಗಬೇಡಿ.

ಹಾಡುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಒಂದು ತುದಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ತಾಗಿಸಿ ನೋಡಿ. ಒಂದೆರಡು ವೋಲ್ಟ್ ದಾಟಿ ಮೇಲೆ ಹೋದರೆ ಗಿಟಾರ್ ಕೆಳಗಿಟ್ಟು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಅರ್ಥಿಂಗ್ ಸರಿಯಾಗುವ ತನಕ ತುಟಿ ಮೈಕಿಗೆ ತಾಗಬಾರದು, ಕಾರ್ಯಕ್ರಮ ಎಷ್ಟೇ ತಡವಾದರೂ.